ಬೆಕ್ಕಿಗೆ ಹಾಲಿಟ್ಟ ಅಪರಾಧ

ಸೃಷ್ಟಿಸುವ ಶಕ್ತಿ ದೇವರೊಬ್ಬನದೇ. ಸೈತಾನನು ಎಷ್ಟೇ ಬಲಶಾಲಿಯಾದರೂ ಒಂದು ಜೀವಿಯನ್ನು ನಿಜವಾಗಿ ಇನ್ನೊಂದಾಗಿ ಮಾರ್ಪಡಿಸಲಾರ, ಹೆಚ್ಚೆಂದರೆ ನೋಡುವವರ ಕಣ್ಣಿಗೆ ಭ್ರಮೆ ಹುಟ್ಟಿಸಬಲ್ಲ ಎಂಬುದು ಐದನೆಯ ಶತಮಾನದ ಸಂತ ಅಗಸ್ಟೀನನ ಕಾಲದಿಂದಲೂ ಕ್ರೈಸ್ತ ದೈವಶಾಸ್ತ್ರಕ್ಕೆ ಪರಿಚಿತವಾದ ನಿಲುವು. ಯೂರೋಪು ಈ ನಿಲುವಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ, ಒಲೆಯ ಬದಿಯಲ್ಲಿ ಮಲಗಿದ ಬೆಕ್ಕಿನ ಗುಟ್ಟಿನ ಬದುಕನ್ನು ನ್ಯಾಯಾಲಯಗಳು ವಿಚಾರಿಸಬೇಕಾಗಿ ಬರುತ್ತಿರಲಿಲ್ಲ. 1233ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿ ಜರ್ಮನಿಗೆ ಕಳುಹಿಸಿದ ‘ವಾಕ್ಸ್ ಇನ್ ರಾಮಾ’ ಎಂಬ ಪತ್ರದಲ್ಲಿ ಪಾಷಂಡಿಗಳ, ಅಂದರೆ ಧರ್ಮಸಭೆಯ ಬೋಧನೆಯನ್ನು ಮೀರಿದವರೆಂದು ಆರೋಪಕ್ಕೊಳಗಾದವರ, ರಹಸ್ಯಕೂಟಕ್ಕೆ ಕಪ್ಪು ಬೆಕ್ಕೊಂದು ಬರುವ ವರ್ಣನೆಯಿದೆ. ಬೆಕ್ಕುಗಳನ್ನು ಕೊಲ್ಲಬೇಕೆಂಬ ಆಜ್ಞೆ ಅದರಲ್ಲಿ ಇಲ್ಲ. ಇದೆಯೆಂದು ಇಂದಿಗೂ ಹಲವರು ಬರೆಯುತ್ತಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಮನೆಯ ಬೆಕ್ಕು ಈ ಕಥೆಯ ನಡುವೆ ಬಂದು ಕುಳಿತದ್ದು ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ. ಅಲ್ಲಿ ‘ಫ್ಯಾಮಿಲಿಯರ್’ ಎಂಬ ಕಲ್ಪನೆ ಬೇರೂರಿತ್ತು: ಮಾಟಗಾತಿಯ ಮನೆಯಲ್ಲೇ ಸಾಕುಪ್ರಾಣಿಯ ರೂಪದಲ್ಲಿ ಇದ್ದುಕೊಂಡು, ಆಕೆಯ ಕೈಯಿಂದ ಉಂಡು, ಆಕೆ ಹೇಳಿದ ಕೇಡನ್ನು ಮಾಡಿಬರುವ ಸೇವಕ ಭೂತ. 1566ರಲ್ಲಿ ಎಸೆಕ್ಸ್ ಪ್ರಾಂತದ ಚೆಲ್ಮ್ಸ್‌ಫರ್ಡಿನಲ್ಲಿ ನಡೆದ ವಿಚಾರಣೆಯಲ್ಲಿ ಎಲಿಜಬೆತ್ ಫ್ರಾನ್ಸಿಸ್ ಎಂಬಾಕೆಯ ತಪ್ಪೊಪ್ಪಿಗೆಯ ಪ್ರಕಾರ, ಹನ್ನೆರಡರ ವಯಸ್ಸಿನಲ್ಲಿ ಅಜ್ಜಿಯಿಂದ ಆಕೆಗೆ ಬಂದ ಬೆಕ್ಕಿನ ಹೆಸರು ಸೈತಾನ. ಅದಕ್ಕೆ ಬ್ರೆಡ್ಡು ಮತ್ತು ಹಾಲು ಕೊಟ್ಟು, ಬುಟ್ಟಿಯಲ್ಲಿ ಮಲಗಿಸಿ, ಅದು ಮಾಡಿಕೊಟ್ಟ ಒಂದೊಂದು ಕೆಲಸಕ್ಕೂ ತನ್ನ ರಕ್ತದ ಒಂದು ಹನಿ ಕೊಡಬೇಕಿತ್ತು. ಹದಿನೈದು ಹದಿನಾರು ವರ್ಷ ಸಾಕಿದ ಮೇಲೆ ಆಕೆ ಅದನ್ನು ನೆರೆಯ ಆಗ್ನೆಸ್ ವಾಟರ್‌ಹೌಸ್ ಎಂಬ ಬಡ ಮುದುಕಿಗೆ ಒಂದು ಕೇಕಿಗೆ ಬದಲಾಗಿ ಕೊಟ್ಟಳಂತೆ. ಆಗ್ನೆಸ್ ಅದನ್ನು ಉಣ್ಣೆ ಹಾಸಿದ ಮಡಕೆಯಲ್ಲಿ ಇಟ್ಟಿದ್ದಳು. ಆ ಉಣ್ಣೆ ತನಗೇ ಬೇಕಾದಾಗ, ಬೆಕ್ಕನ್ನು ಕಪ್ಪೆಯಾಗಿಸಿಕೊಂಡಳು. ಆ ಬೆಕ್ಕು ಕಪ್ಪಲ್ಲ, ಮಚ್ಚೆಗಳಿದ್ದ ಬಿಳಿ ಬೆಕ್ಕು ಎಂಬುದೂ ದಾಖಲೆಯಲ್ಲಿದೆ. ಹಾಲು, ಬುಟ್ಟಿ, ಕೇಕು, ಹಿಡಿ ಉಣ್ಣೆ: ರಕ್ತದ ಹನಿಯನ್ನು ಬದಿಗಿಟ್ಟರೆ, ಉಳಿಯುವುದು ಬಡವರ ಮನೆಯೊಂದರಲ್ಲಿ ಪ್ರಾಣಿಯೊಂದನ್ನು ಅಕ್ಕರೆಯಿಂದ ನೋಡಿಕೊಂಡ ವಿವರ.

ಈ ಅಕ್ಕರೆಯೇ ಸಾಕ್ಷ್ಯವಾಯಿತು ಎಂಬುದರಲ್ಲಿ ಈ ಕಥೆಯ ತಿರುಳಿದೆ. ಒಂದನೆಯ ಜೇಮ್ಸ್ ರಾಜನ 1604ರ ಕಾನೂನು ದುಷ್ಟಶಕ್ತಿಯೊಡನೆ ಒಪ್ಪಂದ ಮಾಡಿಕೊಳ್ಳುವುದನ್ನಷ್ಟೇ ಅಲ್ಲ, ಅದಕ್ಕೆ ಉಣಿಸುವುದನ್ನೂ ಮರಣದಂಡನೆಗೆ ಅರ್ಹವಾದ ಅಪರಾಧಗಳ ಸಾಲಿಗೆ ಸೇರಿಸಿತು. ಉಣ್ಣುತ್ತಿರುವುದು ಬೆಕ್ಕೋ, ಬೆಕ್ಕಿನ ವೇಷದ ಭೂತವೋ ಎಂದು ನಿರ್ಧರಿಸುವ ಹೊರಗಿನ ಗುರುತು ಯಾವುದೂ ಇಲ್ಲದಿದ್ದುದರಿಂದ, ಸಾಕಿದವಳ ಬಡತನ, ಮುಪ್ಪು, ಒಂಟಿತನಗಳೇ ಗುರುತಾದವು. 1645ರಲ್ಲಿ ಮಾಟಗಾತಿಯರನ್ನು ಹುಡುಕಿ ಹಿಡಿಯುತ್ತಿದ್ದ ಮ್ಯಾಥ್ಯೂ ಹಾಪ್ಕಿನ್ಸ್ ಮತ್ತು ಅವನ ಸಂಗಡಿಗರು ಎಲಿಜಬೆತ್ ಕ್ಲಾರ್ಕ್ ಎಂಬ ಒಂಟಿಕಾಲಿನ ವೃದ್ಧೆಯನ್ನು ರಾತ್ರಿಗಟ್ಟಲೆ ನಿದ್ದೆಗೊಡದೆ ಕಾವಲು ಕೂತು, ಅವಳ ಭೂತಗಳು ಬರುವುದನ್ನು ಕಾದರು. ಬಂದವೆಂದು ಅವರು ಹೇಳಿದವುಗಳಲ್ಲಿ ಹೋಲ್ಟ್ ಎಂಬ ಬಿಳಿಯ ಬೆಕ್ಕಿನ ಮರಿಯೂ ಇತ್ತು. ಮರುವರ್ಷವೇ ಜಾನ್ ಗಾಲ್ ಎಂಬ ಪಾದ್ರಿ, ಸುಕ್ಕುಮೋರೆಯ ಮುದುಕಿಯ ಪಕ್ಕದಲ್ಲಿ ನಾಯಿಯೋ ಬೆಕ್ಕೋ ಇದ್ದರೆ ಸಾಕು, ಅವಳನ್ನು ಮಾಟಗಾತಿ ಎನ್ನುತ್ತಾರೆಂದು ಮುದ್ರಣದಲ್ಲೇ ಆಕ್ಷೇಪಿಸಿದನು. ಆ ಕಾಲದಲ್ಲಿ ಹಾಗೆ ಬರೆಯಲು ಧೈರ್ಯ ಬೇಕಿತ್ತು.

ಬೆಕ್ಕಿನ ಬದುಕಿನಲ್ಲಿ ಮನುಷ್ಯನಿಗೆ ಕಾಣದ ಭಾಗ ಇದೆಯೆಂಬುದೇನೋ ನಿಜ. ಮುಸ್ಸಂಜೆಯಲ್ಲಿ ಅದು ಚುರುಕಾಗುತ್ತದೆ, ಕಣ್ಣಿನ ಹಿಂಬದಿಯ ಪ್ರತಿಫಲಕ ಪದರದಿಂದಾಗಿ ಕತ್ತಲಲ್ಲಿ ಅದರ ಕಣ್ಣು ಹೊಳೆಯುತ್ತದೆ, ಎಲ್ಲಿಗೆ ಹೋಗಿ ಬಂದೆನೆಂದು ಅದು ಹೇಳುವುದಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆಯಲ್ಲಿ ಕನ್ನಡಿಗರೂ ಅದಕ್ಕೊಂದು ಗುಟ್ಟನ್ನು ಒಪ್ಪಿದ್ದಾರೆ, ಆದರೆ ಅದು ಬೆಕ್ಕೊಂದನ್ನು ಬಿಟ್ಟು ಎಲ್ಲರಿಗೂ ಗೊತ್ತಿರುವ ಗುಟ್ಟು. ಆಗ್ನೆಸ್ ಸತ್ತ ಹದಿನಾಲ್ಕು ವರ್ಷಕ್ಕೆ ಮೊದಲ ಪ್ರಬಂಧ ಸಂಪುಟಗಳನ್ನು ಪ್ರಕಟಿಸಿದ ಫ್ರಾನ್ಸಿನ ಮೊಂತೇನ್, ತಾನು ಬೆಕ್ಕಿನೊಡನೆ ಆಡುವಾಗ ಅದೇ ತನ್ನೊಡನೆ ಆಡುತ್ತಿರಬಹುದಲ್ಲವೇ ಎಂದು ಕೇಳಿಕೊಂಡು, ಉತ್ತರವನ್ನು ಹಾಗೇ ಬಿಟ್ಟನು. ಮುಚ್ಚಿದ ಮನಸ್ಸೊಂದರ ಎದುರು ನಿಂತವರು ಅವನೂ ಹೌದು, ಹಾಪ್ಕಿನ್ಸನೂ ಹೌದು. ಒಬ್ಬನು ಆ ತಿಳಿಯದ ಜಾಗವನ್ನು ತಿಳಿಯದ್ದಾಗಿಯೇ ಉಳಿಸಿದನು, ಇನ್ನೊಬ್ಬನು ಅದಕ್ಕೆ ತನ್ನ ಭಯವನ್ನು ತುಂಬಿ, ಅದನ್ನೇ ಒಪ್ಪಿಕೊಳ್ಳೆಂದು ಮುದುಕಿಯೊಬ್ಬಳನ್ನು ಕಾಡಿದನು.

1566ರ ಜುಲೈ 29ರಂದು, ನೇಣಿಗೇರುವ ದಿನ, ಪ್ರಾರ್ಥನೆ ಮಾಡುತ್ತಿದ್ದೆಯಾ ಎಂದು ಆಗ್ನೆಸ್‌ಳನ್ನು ಕೇಳಲಾಯಿತು. ಯಾವಾಗಲೂ ಲ್ಯಾಟಿನ್ನಿನಲ್ಲಿ ಮಾಡುತ್ತಿದ್ದೆನೆಂದಳು. ಇಂಗ್ಲೆಂಡಿನ ಚರ್ಚು ಆ ಹೊತ್ತಿಗೆ ಇಂಗ್ಲಿಷ್ ಪ್ರಾರ್ಥನೆಗೆ ಬದಲಾಗಿತ್ತು. ಅರವತ್ತು ದಾಟಿದ್ದ ಆ ಹೆಂಗಸು ಬಾಲ್ಯದಿಂದ ಚರ್ಚಿನಲ್ಲಿ ಕೇಳಿ ಬೆಳೆದದ್ದು ಲ್ಯಾಟಿನ್ ಪ್ರಾರ್ಥನೆಗಳನ್ನು. ಆದರೂ ಅವಳು ಕೊಟ್ಟ ಕಾರಣ ಬೇರೆ: ಇಂಗ್ಲಿಷಿನಲ್ಲಿ ಪ್ರಾರ್ಥಿಸಲು ಸೈತಾನ ಬಿಡುತ್ತಿರಲಿಲ್ಲ.