ಬೀಗದ ಕೈ ಮತ್ತು ಕಣ್ಣು

ಬೀಗದ ಕೈ ಇಟ್ಟುಕೊಂಡವನಿಗೆ ಪೆಟ್ಟಿಗೆಯೊಳಗೆ ಏನಿದೆಯೆಂದು ನೋಡುವ ಹಕ್ಕೂ ಇದೆಯೆ? ಈ ಪ್ರಶ್ನೆ ನಮಗೆ ಎದುರಾದದ್ದು ಯಾವ ವೇದಾಂತ ಗ್ರಂಥದಲ್ಲೂ ಅಲ್ಲ, ಬೆಳಗಿನ ಡೊಂಬಿವಲಿ ಲೋಕಲಿನಲ್ಲಿ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಪಕ್ಕಕ್ಕೆ ಸರಿದು ಕುಳಿತು ಮೆಲ್ಲನೆ ವಿಷಯ ತೆಗೆದರು. ಅವರ ಅಳಿಯ ನಮ್ಮದೇ ಇಲಾಖೆಯ ನಾಗಪುರದ ಕಚೇರಿಯಲ್ಲಿದ್ದಾನೆ. ಮಗಳು ಇಲ್ಲಿ, ಏಳು ತಿಂಗಳ ಬಸುರಿ. ವರ್ಗಾವಣೆಯ ಅರ್ಜಿ ನಮ್ಮ ಆಫೀಸಿಗೆ ಬಂದು ಬಹಳ ದಿನವಾಯಿತು.

"ಸಾಹೇಬರು ಏನು ಬರೆದಿದ್ದಾರೆ ಅಂತ ಒಮ್ಮೆ ಇಣುಕಿ ನೋಡಿ ಹೇಳಿ ಮಾರಾಯ್ರೆ. ಬೀಗದ ಕೈ ನಿಮ್ಮ ಹತ್ತಿರವೇ ಉಂಟಲ್ಲ?"

ಉಂಟು. ಬಿ.ಎಸ್ಸಿ. ಓದಿದ ತಪ್ಪಿಗೆ ನಮ್ಮ ವಿಭಾಗದ ಕಂಪ್ಯೂಟರು ಕಡತಗಳ ಉಸ್ತುವಾರಿ ನಮ್ಮ ಕೊರಳಿಗೆ ಬಿದ್ದಿದೆ. ಕಡತಗಳಿರುವುದು ಎಲ್ಲೋ ಒಂದು ಸರ್ವರಿನಲ್ಲಿ, ಓದುವವರು ಹತ್ತಾರು ಮೇಜುಗಳಲ್ಲಿ. ಯಾವುದನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಪಟ್ಟಿಯನ್ನು ಮೇಲಿನವರು ಹೇಳಿದಂತೆ ಬದಲಿಸುವವರು ನಾವು. ಆದರೆ ವರ್ಗಾವಣೆಯ ಕಡತಗಳನ್ನು ಓದುವವರ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ.

ಈ ವಿಚಿತ್ರ ಏರ್ಪಾಡಿನ ಹಿಂದೆ ಒಂದು ಸ್ವಾರಸ್ಯವಾದ ಚರಿತ್ರೆಯಿದೆ. 1982ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯ ಐ.ಬಿ.ಎಂ. ಕಂಪನಿಯೊಡನೆ ಸೇರಿ, 5,000ಕ್ಕೂ ಮಿಕ್ಕ ಕಂಪ್ಯೂಟರುಗಳಿಂದ ಒಂದೇ ಕಡತ ಭಂಡಾರವನ್ನು ಬಳಸುವಂತೆ ಮಾಡುವ ಕೆಲಸಕ್ಕೆ ಕೈಹಾಕಿತು. ಆಂಡ್ರ್ಯೂ ಕಡತ ವ್ಯವಸ್ಥೆ ಎಂದು ಅದಕ್ಕೆ ಹೆಸರಾಯಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಮಹಾದೇವ್ ಸತ್ಯನಾರಾಯಣನ್ ಮದರಾಸಿನ ಐ.ಐ.ಟಿ.ಯಲ್ಲಿ ಓದಿ ಅಲ್ಲಿಗೆ ಹೋದವರು.

ಅಲ್ಲಿ ಪ್ರತಿ ಕಪಾಟಿಗೂ ಒಂದು ಹಕ್ಕುಪಟ್ಟಿ ಇರುತ್ತದೆ. ಹಕ್ಕುಗಳು ಏಳು. ಒಳಗೆ ಏನೇನಿದೆಯೆಂದು ಹೆಸರುಗಳನ್ನು ನೋಡುವುದು, ಓದುವುದು, ಹೊಸದನ್ನು ಸೇರಿಸುವುದು, ಇದ್ದುದನ್ನು ತಿದ್ದುವುದು, ಅಳಿಸುವುದು, ಬೇರೆಯವರು ಕೈಯಾಡಿಸದಂತೆ ತಾತ್ಕಾಲಿಕವಾಗಿ ಬೀಗ ಹಾಕುವುದು, ಕಡೆಯದಾಗಿ ಈ ಹಕ್ಕುಗಳನ್ನೇ ಹಂಚುವುದು. ನಮ್ಮ ಮನಸ್ಸು ನಿಂತದ್ದು ಈ ಕಡೆಯದರಲ್ಲಿ. ಅದೊಂದು ಬೇರೆಯೇ ಹಕ್ಕು. ವ್ಯವಸ್ಥೆಯ ಮೇಲ್ವಿಚಾರಕರ ಗುಂಪಿಗೆ ಹಂಚುವ ಹಕ್ಕು ತಾನಾಗಿಯೇ ಬರುತ್ತದೆ, ಓದುವ ಹಕ್ಕು ಬರುವುದಿಲ್ಲ. (ಸರ್ವರ್ ಯಂತ್ರವನ್ನೇ ಕೈವಶ ಮಾಡಿಕೊಂಡವರ ಮಾತು ಬೇರೆ.) ನಮ್ಮ ಆಫೀಸಿನಲ್ಲಿರುವುದು ಆಂಡ್ರ್ಯೂ ಅಲ್ಲ. ಆದರೂ ತತ್ತ್ವ ಅದೇ.

ಹಂಚುವವನು ತನಗೇ ಓದುವ ಹಕ್ಕನ್ನು ಕೊಟ್ಟುಕೊಳ್ಳಬಹುದಲ್ಲ, ಎಂದು ವಾಚಕರು ಕೇಳಬಹುದು. ಧಾರಾಳವಾಗಿ ಕೊಟ್ಟುಕೊಳ್ಳಬಹುದು. ಎರಡು ನಿಮಿಷದ ಕೆಲಸ. ಓದಿ ಮುಗಿಸಿ ಹೆಸರನ್ನು ತೆಗೆದೂ ಹಾಕಬಹುದು. ಹಾಗಾದರೆ ಈ ವಿಂಗಡಣೆಯಿಂದ ಬಂದ ಭಾಗ್ಯವೇನು?

ಇಲ್ಲಿ ನಮ್ಮದೊಂದು ಹಳೆಯ ಸಂಗತಿಯನ್ನು ಒಪ್ಪಿಕೊಳ್ಳಬೇಕು. ಕಾಗದದ ಕಡತಗಳ ಕಾಲದಲ್ಲಿ ನಾವು ಇಂಥ ಉಪಕಾರಗಳನ್ನು ಮಾಡಿದ್ದುಂಟು. ಕಬ್ಬಿಣದ ಕಪಾಟು ತೆರೆದು ಒಂದು ಕಡತ ತೆಗೆಯುವಾಗ ಅದರ ಕೆಳಗಿನ ಕಡತವೂ ಕೈಗೆ ಬರುತ್ತಿತ್ತು, ಟಿಪ್ಪಣಿಯ ಹಾಳೆ ತಾನಾಗಿ ತೆರೆದುಕೊಂಡಂತೆ ಇರುತ್ತಿತ್ತು. ಕಣ್ಣಿಗೆ ಬಿದ್ದದ್ದನ್ನು ಹೇಳಿದೆವು, ಅಷ್ಟೆ. ಹಾಗೆ ಒಬ್ಬರಿಗೆ ಹೇಳಿದ ಮಾತು ಮೂರನೆಯವರ ಕಿವಿಗೆ ಬಿದ್ದು, ಟಿಪ್ಪಣಿ ಬರೆದ ಪಾಪದ ಹೆಡ್ ಕ್ಲಾರ್ಕರೊಬ್ಬರು ಎಲ್ಲರೆದುರು ಬೈಸಿಕೊಂಡರು. ಆಗಲೂ ನಮಗೆ ನಾವು ತಪ್ಪಿತಸ್ಥರೆಂದು ಅನ್ನಿಸಲಿಲ್ಲ. ಕೈಗೂ ಕಣ್ಣಿಗೂ ನಡುವೆ ಗೆರೆಯೇ ಇಲ್ಲದಿದ್ದಾಗ, ಗೆರೆ ದಾಟಿದ್ದು ಗೊತ್ತಾಗುವುದಾದರೂ ಹೇಗೆ?

ಈಗ ಗೆರೆ ಇದೆ. ದಾಟಬೇಕಾದರೆ ಓದುವವರ ಪಟ್ಟಿಯಲ್ಲಿ ನಮ್ಮ ಹೆಸರನ್ನು ನಾವೇ ಅಕ್ಷರ ಅಕ್ಷರವಾಗಿ ಬರೆಯಬೇಕು. "ಕಣ್ಣಿಗೆ ಬಿತ್ತು" ಎನ್ನುವಂತಿಲ್ಲ. ಕಳ್ಳನನ್ನು ಇದು ತಡೆಯಲಾರದು, ನಿಜ. ಆದರೆ ಲೋಕದಲ್ಲಿ ಕಳ್ಳರಿಗಿಂತ ನಮ್ಮಂಥವರೇ ಹೆಚ್ಚು. ಒಳ್ಳೆಯವರೆಂದು ತಮ್ಮನ್ನು ತಾವು ನಂಬಿಕೊಂಡು, ಆ ನಂಬಿಕೆಗೆ ಭಂಗ ಬಾರದಂತೆ ಸಣ್ಣಪುಟ್ಟ ತಪ್ಪು ಮಾಡಲು ದಾರಿ ಹುಡುಕುವವರು.

ಆಂಡ್ರ್ಯೂವಿನಲ್ಲಿ ಇನ್ನೊಂದು ಜಾಣತನವಿದೆ, ನಿಷೇಧದ ಹಕ್ಕು. ಒಬ್ಬನು ಹತ್ತು ಗುಂಪುಗಳಲ್ಲಿದ್ದರೆ ಎಲ್ಲ ಗುಂಪುಗಳಿಂದಲೂ ಅವನನ್ನು ತೆಗೆಯುವುದು, ಆ ಸುದ್ದಿ ಎಲ್ಲ ಸರ್ವರುಗಳಿಗೆ ತಲುಪುವುದು, ತಡವಾಗಬಹುದು. ಅದಕ್ಕೇ ಕಪಾಟಿನ ಪಟ್ಟಿಯಲ್ಲೇ "ಇವನಿಗೆ ಕೂಡದು" ಎಂದು ಬರೆದುಬಿಡುವ ಅನುಕೂಲ ಮಾಡಿದ್ದಾರೆ. ಗುಂಪು ಕೊಟ್ಟದ್ದನ್ನೂ ಅದು ಕಿತ್ತುಕೊಳ್ಳುತ್ತದೆ. ಅಂದು ಸಂಜೆ ನಾವು ನಮ್ಮ ಆಫೀಸಿನ ಆ ಕಪಾಟಿಗೆ ನಮ್ಮ ಹೆಸರಿನ ಮುಂದೆ ಇಂಥದೇ ಒಂದು ನಿಷೇಧವನ್ನು ಬರೆದೆವು. ಅದನ್ನು ಅಳಿಸುವ ಅಧಿಕಾರವೂ ನಮ್ಮದೇ ಎಂಬುದು ಮರೆತಿರಲಿಲ್ಲ. ಮನೆಯಲ್ಲಿ ಹೇಳಿದಾಗ ನಮ್ಮಾಕೆ ನಕ್ಕರು. ಕೈ ಕಟ್ಟಿಕೊಂಡು ಹಗ್ಗದ ತುದಿಯನ್ನು ತಾವೇ ಹಿಡಿದಿರುವ ಭೂಪ ನೀವೊಬ್ಬರೇ, ಎಂದರು.

ಆದರೂ ಮನಸ್ಸಿಗೆ ಪೂರ್ತಿ ಸಮಾಧಾನವಿಲ್ಲ. ಎದುರಿಗಿದ್ದುದು ತುಂಬುಬಸುರಿಯ ತಂದೆಯ ಕಳವಳ. ನಮ್ಮ ಬಳಿಯಿದ್ದುದು ಒಂದು ನಿಯಮ. ಟಿಪ್ಪಣಿ ಬರೆದ ಅಧಿಕಾರಿ ತನ್ನ ಮಾತು ಕಡತದಾಚೆ ಹೋಗದೆಂದು ನಂಬಿ ಬರೆದಿರುತ್ತಾನೆ, ಅವನ ಮುಖ ನಮಗೆ ಲೋಕಲಿನಲ್ಲಿ ಕಾಣುವುದಿಲ್ಲ. ಕಾಣುವ ಮುಖಕ್ಕೆ ಕರಗುವುದು ಸುಲಭ. ಕಾಣದವನಿಗೆ ನ್ಯಾಯ ಸಲ್ಲಿಸಹೊರಟಾಗ ಕಲ್ಲೆದೆಯವರೆನ್ನಿಸಿಕೊಳ್ಳಬೇಕಾಗುತ್ತದೆ. ಯಾವುದು ಹೆಚ್ಚು ಮನುಷ್ಯತ್ವವೆಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇವೆ.

ಮರುದಿನ ಹಿರಿಯರಿಗೆ ಹೇಳಿದೆವು: "ನೋಡಲಾರೆವು ರಾಯರೇ. ಅರ್ಜಿ ಅಳಿಯಂದಿರದ್ದೇ. 2005ರ ಮಾಹಿತಿ ಹಕ್ಕಿನ ಕಾಯಿದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಅವರೇ ಕೇಳಲಿ. ಕಾಗದ ಬರೆದುಕೊಡಲು ನಾವಿದ್ದೇವೆ."

"ಅಷ್ಟು ದೊಡ್ಡ ಉಪಕಾರ ಬೇಡ ಬಿಡಿ," ಎಂದು ಅವರು ಠಾಣೆಯಲ್ಲೇ ಇಳಿದುಹೋದರು. ಅವರ ಕೆಲಸವಿದ್ದದ್ದು ದಾದರಿನಲ್ಲಿ.

ಕಳೆದ ತಿಂಗಳು ಅವರಿಗೆ ಮೊಮ್ಮಗಳು ಹುಟ್ಟಿದಳು. ಅಳಿಯ ಇನ್ನೂ ನಾಗಪುರದಲ್ಲೇ ಇದ್ದಾನೆ. ಬರ್ಫಿಯ ಪೊಟ್ಟಣ ನಮ್ಮ ಮನೆಗೂ ಬಂತು, ಸಂಘದ ಜವಾನನ ಕೈಯಲ್ಲಿ.