ಫೀಸಿಗೆ ಸಿಗುವ ಇತಿಹಾಸ

ವಿದ್ಯೆ ಕಲಿಸಿ ಹಣ ಪಡೆಯಬಹುದೇ? ಇದು ಬಹಳ ಹಳೆಯ ಪ್ರಶ್ನೆ. ಬೀದರಿನ ಕೊಳಾರದಲ್ಲಿ ಸಂಜೆ ಹೊತ್ತು ನಾಲ್ಕಾರು ಹುಡುಗರಿಗೆ ಇತಿಹಾಸ, ರಾಜ್ಯಶಾಸ್ತ್ರ, ಕಾನೂನಿನ ಪಾಠ ಹೇಳಲು ಕುಳಿತ ಮೇಲೆ ಅದು ನಮ್ಮನ್ನೂ ಕಾಡತೊಡಗಿದೆ.

ಬೀದರ ಇಂದು ವೈದ್ಯಕೀಯ ಪ್ರವೇಶ ಪರೀಕ್ಷೆಯ ತರಬೇತಿಗೆ ಹೆಸರಾದ ಊರು. ಹೊರ ರಾಜ್ಯಗಳಿಂದಲೂ ಮಕ್ಕಳು ಬರುತ್ತಾರೆ. ನಮ್ಮಲ್ಲಿಗೆ ಬರುವವರು ಆ ಮಕ್ಕಳಲ್ಲ. ಇವರು ಬಿ.ಎ. ಅಥವಾ ಕಾನೂನು ಓದುವವರು, ಸರ್ಕಾರಿ ನೌಕರಿಯ ಪರೀಕ್ಷೆಗೆ ಕೂರುವವರು. ಕೆಲವರು ಕೊಳಾರದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ನೇರವಾಗಿ ಬರುತ್ತಾರೆ. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಬಂದು ಇಲ್ಲಿ ಕೋಣೆ ಹಿಡಿದವರೂ ಇದ್ದಾರೆ. ಅವರಿಗೆ ಬೇಕಾದದ್ದು ನೋಟ್ಸು. 371(ಜೆ) ವಿಧಿ ಯಾವ ತಿದ್ದುಪಡಿಯಿಂದ ಬಂತು ಎಂದರೆ '98' ಎಂದು ಥಟ್ಟನೆ ಹೇಳುತ್ತಾರೆ. ಈ ಭಾಗಕ್ಕೆ ಅಂಥ ವಿಧಿ ಏಕೆ ಬೇಕಾಯಿತು ಎಂದರೆ ಮುಖ ನೋಡುತ್ತಾರೆ.

ಒಂದು ಸಂಜೆ ಹೈದರಾಬಾದ್ ಸಂಸ್ಥಾನದ ವಿಲೀನದ ಪಾಠ ನಡೆದಿತ್ತು. 1948ರ ಸೆಪ್ಟೆಂಬರ್ 13ರಂದು ಸೇನೆಯ ಪ್ರವೇಶ, 17ರಂದು ನಿಜಾಮರ ಶರಣಾಗತಿ ಎಂದು ಬರೆಸುತ್ತಿದ್ದೆವು. ಒಬ್ಬ ಹುಡುಗ ಪೆನ್ನು ಕೆಳಗಿಟ್ಟು, “ಸರ್, ಆ ದಿನಗಳ ಮಾತು ತೆಗೆದ್ರ ನಮ್ಮ ದಾದಿ ಅಳ್ತಾಳ್ರಿ. ಪುಸ್ತಕದಾಗ ಅದ್ಯಾಕ ಇಲ್ರಿ?” ಎಂದ. ಪಕ್ಕದಲ್ಲಿ ಕುಳಿತವನು ಸುಮ್ಮನಿರಲಿಲ್ಲ. “ರಜಾಕಾರರ ಹೆಸರು ತಗೊಂಡ್ರ ನಮ್ಮ ಅಜ್ಜಾನೂ ಅಳ್ತಾನ್ರಿ” ಎಂದ. ಕೋಣೆಯಲ್ಲಿ ಮೌನ ಕವಿಯಿತು. ನಾವು ಗಡಿಯಾರ ನೋಡಿದೆವು. “ಅದು ಪರೀಕ್ಷೆಗೆ ಬರುವುದಿಲ್ಲ, ತಾರೀಖು ಬರೆದುಕೊಳ್ಳಿ” ಎಂದೆವು. ಇಬ್ಬರೂ ತಲೆ ಬಗ್ಗಿಸಿ ಬರೆದುಕೊಂಡರು.

ಅಂದು ರಾತ್ರಿ ನಮಗೆ ನಿದ್ದೆ ಬರಲಿಲ್ಲ. ತಪ್ಪು ಎಲ್ಲಿತ್ತು? ಫೀಸು ಪಡೆದುದರಲ್ಲಿಯೇ?

ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಹೇಳುತ್ತದೆ. ನಾವು ಶಾಲಾ ಶಿಕ್ಷಕರಲ್ಲ, ಕಾನೂನಿನ ಅಡ್ಡಿ ನಮಗಿಲ್ಲ. ಆದರೆ ಕಾನೂನು ತಡೆಯದ್ದೆಲ್ಲ ನ್ಯಾಯವೆಂದು ಹೇಳಲಾಗದು. ಪ್ರಾಚೀನ ಗ್ರೀಸಿನಲ್ಲಿ ಸೋಫಿಸ್ಟರು ಎಂಬ ಗುರುಗಳಿದ್ದರು. ನ್ಯಾಯಾಲಯದಲ್ಲಿ, ಜನಸಭೆಯಲ್ಲಿ ಮಾತಾಡಿ ಗೆಲ್ಲುವ ವಿದ್ಯೆಯನ್ನು ಹಣಕ್ಕೆ ಕಲಿಸುತ್ತಿದ್ದರು. ಅದೂ ಒಂದು ಬಗೆಯ ಕಾನೂನು, ರಾಜಕೀಯದ ಟ್ಯೂಷನ್ನೇ. ಸಾಕ್ರೆಟಿಸ್ ಫೀಸು ಪಡೆಯಲಿಲ್ಲ.

ನಮ್ಮ ಪರಂಪರೆಯಲ್ಲಿಯೂ ಈ ಚರ್ಚೆ ನಡೆದಿದೆ. ಹನಫೀ ಪಂಥದ ಹಿಂದಿನ ವಿದ್ವಾಂಸರು ಕುರ್‌ಆನ್ ಕಲಿಸಿ ಕೂಲಿ ಪಡೆಯುವುದನ್ನು ಒಪ್ಪಲಿಲ್ಲ. ಶಿಕ್ಷಕರಿಗೆ ಬೈತುಲ್ ಮಾಲ್‌ನ ನೆರವು ನಿಂತು, ಕಲಿಸುವವರೇ ಇಲ್ಲವಾಗುವ ಭಯ ಬಂದಾಗ ನಂತರದವರು ಅನುಮತಿ ಕೊಟ್ಟರು. ಉಸ್ತಾದರಿಗೂ ಹೊಟ್ಟೆಯಿದೆ, ಮನೆ ಬಾಡಿಗೆಯಿದೆ. ಸಮಯಕ್ಕೆ, ಶ್ರಮಕ್ಕೆ ಬೆಲೆ ಪಡೆಯುವುದು ತಪ್ಪಲ್ಲ. ಆದರೆ ಆ ಅನುಮತಿ ಸಿಕ್ಕಿದ್ದು ವಿದ್ಯೆ ಉಳಿಯಲಿ ಎಂಬ ಕಾರಣಕ್ಕೆ. ಫೀಸು ಪಡೆದು ವಿದ್ಯೆಯನ್ನೇ ಕತ್ತರಿಸಿ ಕೊಟ್ಟರೆ ಆ ಕಾರಣ ಎಲ್ಲಿ ಉಳಿಯಿತು?

ಕತ್ತರಿಸಿ ಕೊಡುವುದೆಂದರೆ ಏನೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಬೀದರಿನ ಮದರಸಾ ಕಟ್ಟಿಸಿದವರಾರು, ಯಾವಾಗ? ಮಹಮೂದ್ ಗವಾನ್, 1472. ನೋಟ್ಸಿನಲ್ಲಿ ಇಷ್ಟೇ. ಬಹಮನಿ ರಾಜ್ಯದ ಆ ಮಂತ್ರಿಯನ್ನು 1481ರಲ್ಲಿ ಅವನ ಸುಲ್ತಾನನೇ ಕೊಲ್ಲಿಸಿದ. ಒಡಿಶಾದ ಅರಸನಿಗೆ ಗವಾನ್ ಬರೆದನೆಂದು ವಿರೋಧಿಗಳು ಸೃಷ್ಟಿಸಿದ ನಕಲಿ ಪತ್ರವೇ ಅದಕ್ಕೆ ಆಧಾರ. ಪತ್ರ ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದು ಇತಿಹಾಸ. ವಿಚಾರಣೆಯಿಲ್ಲದೆ ಶಿಕ್ಷೆ ಕೊಡಬಾರದೆಂಬುದು ಕಾನೂನು. ದಖ್ಖನಿ ಸರದಾರರಿಗೂ ಹೊರಗಿನಿಂದ ಬಂದವರಿಗೂ ಇದ್ದ ಪೈಪೋಟಿ ರಾಜಕೀಯ. ಮೂರು ವಿಷಯವೂ ಒಂದೇ ಘಟನೆಯಲ್ಲಿವೆ. ನಾವು ಬರೆಸುವುದು ಮಾತ್ರ ಇಸವಿಯೊಂದನ್ನೇ.

ಸುಳ್ಳು ಪತ್ರ ನಂಬಿ ಜೀವ ತೆಗೆಯುವ ಜನ ಇಂದೂ ಇದ್ದಾರೆ. ಆಗ ಪತ್ರ ಕೈಯಿಂದ ಕೈಗೆ ಹೋಗುತ್ತಿತ್ತು, ಈಗ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಆ ಹುಡುಗರಲ್ಲಿ ನಾಳೆ ಒಬ್ಬ ಪೊಲೀಸ್ ಆಗಬಹುದು, ಒಬ್ಬ ವಕೀಲನಾಗಬಹುದು. ಅವರ ಕೈಗೆ ಇಂಥ ಪತ್ರ ಬಂದಾಗ ಏನು ಮಾಡಬೇಕೆಂದು ಕಲಿಸಬೇಕಾದವರು ಯಾರು? ಈ ವಿದ್ಯೆ ನಮ್ಮ ಕೈಯಲ್ಲಿರುವ ಅಮಾನತ್. ಅಮಾನತ್ತನ್ನು ಅರ್ಧ ಇಟ್ಟುಕೊಂಡು ಅರ್ಧ ಹಿಂದಿರುಗಿಸಲಾಗದು.

ಮಾರನೆಯ ವಾರ ಅದೇ ಪಾಠವನ್ನು ಮತ್ತೆ ತೆಗೆದೆವು. 1948ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಮೊದಲು ಹೇಳಿದೆವು. ಅದನ್ನು ನಾವೇ ಮೊದಲು ಹೇಳಬೇಕೆಂದು ನಮಗೆ ಅನಿಸಿತು. ಆಮೇಲೆ ಪಂಡಿತ್ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫ್ಫಾರ್ ಅವರಿದ್ದ ಸಮಿತಿಯ ವಿಷಯ ಹೇಳಿದೆವು. ಕಾರ್ಯಾಚರಣೆಯ ಹೊತ್ತಿನಲ್ಲಿ ಹಾಗೂ ನಂತರ 27ರಿಂದ 40 ಸಾವಿರ ಜನ ಸತ್ತಿರಬಹುದೆಂದು ಆ ಸಮಿತಿ ಅಂದಾಜು ಮಾಡಿತ್ತು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರವೂ ಒಂದು. ವರದಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು 2013ರಲ್ಲಿ. ಜೀವದ ಹಂಗು ತೊರೆದು ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳ ಬಗೆಗೂ ಅದೇ ವರದಿ ಹೇಳುತ್ತದೆ.

ಆ ಇಬ್ಬರು ಹುಡುಗರು ಒಂದೇ ಚಾಪೆಯ ಮೇಲೆ ಕುಳಿತು ಕೇಳಿದರು. ಅಜ್ಜನ ಕಣ್ಣೀರು ನಿಜವಾದರೆ ದಾದಿಯ ಕಣ್ಣೀರು ಸುಳ್ಳಾಗಬೇಕಿಲ್ಲ ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಲಿಲ್ಲ.

ಇದರಿಂದ ಸಿಲೆಬಸ್ ಹಿಂದೆ ಬಿತ್ತು. ಬೇಗ ಮುಗಿಸಿಕೊಡುವ ಬೇರೆ ಕ್ಲಾಸು ಹುಡುಕಿಕೊಂಡು ಮೂವರು ಹೋದರು. ಅವರನ್ನು ದೂರುವಂತಿಲ್ಲ, ಅವರಿಗೆ ನೌಕರಿ ಬೇಕು. ಉಳಿದವರಿಗೆ ಭಾನುವಾರ ಬೆಳಿಗ್ಗೆ ಒಂದು ಗಂಟೆ ಹೆಚ್ಚಿಗೆ ಕುಳಿತು ತಾರೀಖುಗಳನ್ನೂ ಬರೆಸುತ್ತಿದ್ದೇವೆ. ಆ ಗಂಟೆಗೆ ಫೀಸಿಲ್ಲ.