ನ್ಯಾಯದ ಬೇಡಿಕೆ, ವೈವಿಧ್ಯದ ಉತ್ತರ

ವಿಶ್ವವಿದ್ಯಾಲಯದ ಪ್ರವೇಶದಲ್ಲಿ ಅರ್ಜಿದಾರರ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟು 2023ರ ಜೂನ್ 29ರಂದು, ಹಾರ್ವರ್ಡ್ ಮತ್ತು ಉತ್ತರ ಕೆರೊಲಿನಾ ವಿಶ್ವವಿದ್ಯಾಲಯಗಳ ಮೊಕದ್ದಮೆಗಳಲ್ಲಿ, ಕೂಡದೆಂದು ಉತ್ತರಿಸಿತು. ಇದನ್ನು ಸಂಪ್ರದಾಯವಾದಿ ನ್ಯಾಯಾಧೀಶರ ಬಹುಮತದ ಫಲವೆಂದು ವಿವರಿಸುವುದು ವಾಡಿಕೆಯಾಗಿದೆ. ಆ ವಿವರಣೆ ಸುಳ್ಳಲ್ಲವಾದರೂ ಸಾಲದು. ಈ ನೀತಿಯನ್ನು ಹೋರಾಡಿ ತಂದ ವಿದ್ಯಾರ್ಥಿಗಳು ಅದಕ್ಕೆ ಕೊಟ್ಟ ಕಾರಣ ಒಂದು, ಅದನ್ನು ನಲವತ್ತೈದು ವರ್ಷ ನ್ಯಾಯಾಲಯದಲ್ಲಿ ಕಾಪಾಡಿದ ವಕೀಲರು ಕೊಟ್ಟ ಕಾರಣ ಇನ್ನೊಂದು, ಸೋತದ್ದು ಎರಡನೆಯದು.

ಅಮೆರಿಕದಲ್ಲಿ ‘ಸಕಾರಾತ್ಮಕ ಕ್ರಮ’ ಎಂದು ಕರೆಯಲಾಗುವ ಈ ನೀತಿಯ ಹೆಸರು ಸರ್ಕಾರಿ ಬಳಕೆಗೆ ಗಟ್ಟಿಯಾಗಿ ಬಂದದ್ದು 1961ರಲ್ಲಿ ಅಧ್ಯಕ್ಷ ಕೆನಡಿ ಸರ್ಕಾರಿ ಗುತ್ತಿಗೆದಾರರ ನೇಮಕಾತಿಯ ಬಗ್ಗೆ ಹೊರಡಿಸಿದ ಆದೇಶದಿಂದ. ತಾರತಮ್ಯ ಮಾಡದೆ ಸುಮ್ಮನಿರುವುದು ಸಾಲದು, ಹೊರಗುಳಿದವರನ್ನು ಒಳಗೆ ತರಲು ಮುಂದಾಗಿ ಏನಾದರೂ ಮಾಡಬೇಕು ಎಂಬುದು ಅದರ ತಿರುಳು. ಆದರೆ ವಿಶ್ವವಿದ್ಯಾಲಯಗಳು ತಾವಾಗಿ ಮುಂದಾದದ್ದು ಕಡಿಮೆ. 1968ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ಕಪ್ಪು ವಿದ್ಯಾರ್ಥಿಗಳ ಸಂಘವೂ ಇತರ ವರ್ಣೀಯ ವಿದ್ಯಾರ್ಥಿಗಳ ಒಕ್ಕೂಟವೂ ಸೇರಿ ಹೂಡಿದ ಮುಷ್ಕರ 1969ರ ಮಾರ್ಚ್‌ವರೆಗೆ ನಡೆಯಿತು. 1970ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು ತರಗತಿಗಳನ್ನು ನಿಲ್ಲಿಸಿ ಶೇಕಡಾ 10ರಷ್ಟು ಪ್ರವೇಶದ ಭರವಸೆ ಪಡೆದರು, ಗೊತ್ತುಪಡಿಸಿದ ಅವಧಿಯಲ್ಲಿ ಆ ಭರವಸೆ ಈಡೇರಲಿಲ್ಲ.

ಇವುಗಳಲ್ಲಿ ವೈಚಾರಿಕವಾಗಿ ಹೆಚ್ಚು ಮುಖ್ಯವಾದದ್ದು ನ್ಯೂಯಾರ್ಕಿನ ಸಿಟಿ ಕಾಲೇಜಿನ ಪ್ರಕರಣ. ಕಪ್ಪು ಜನರ ನೆಲೆಯಾದ ಹಾರ್ಲೆಮ್‌ನ ನಡುವೆಯೇ ನಿಂತಿದ್ದ, ನಗರದ ಖಜಾನೆಯಿಂದ ನಡೆಯುತ್ತಿದ್ದ, ಬೋಧನಾ ಶುಲ್ಕವಿಲ್ಲದ ಆ ಕಾಲೇಜಿನಲ್ಲಿ ಓದುತ್ತಿದ್ದವರಲ್ಲಿ ಬಿಳಿಯರೇ ಬಹುಪಾಲು. 1969ರ ಏಪ್ರಿಲಿನಲ್ಲಿ ಕಪ್ಪು ಮತ್ತು ಪೋರ್ಟೊರಿಕನ್ ವಿದ್ಯಾರ್ಥಿಗಳು ಅದರ ದಕ್ಷಿಣ ಆವರಣವನ್ನು ವಶಪಡಿಸಿಕೊಂಡು ಮುಂದಿಟ್ಟ ಐದು ಬೇಡಿಕೆಗಳಲ್ಲಿ ಒಂದು, ಹೊಸದಾಗಿ ಸೇರುವವರ ಜನಾಂಗೀಯ ಪ್ರಮಾಣ ನಗರದ ಪ್ರೌಢಶಾಲೆಗಳಲ್ಲಿರುವ ಪ್ರಮಾಣವನ್ನು ಹೋಲಬೇಕೆಂಬುದು. ಗಮನಿಸಬೇಕಾದ ಸಂಗತಿಯೆಂದರೆ, ಅವರು ಕಾಲೇಜಿನ ಔದಾರ್ಯವನ್ನು ಕೇಳಲಿಲ್ಲ, ತಮ್ಮಿಂದ ಕಾಲೇಜಿನ ಶೋಭೆ ಹೆಚ್ಚುತ್ತದೆಂದೂ ಹೇಳಲಿಲ್ಲ. ಎಲ್ಲರ ತೆರಿಗೆಯಿಂದ ನಡೆಯುವ ಸಂಸ್ಥೆ ಕೆಲವರಿಗೆ ಮಾತ್ರ ತೆರೆದಿರುವುದಕ್ಕೆ ಕಾರಣ ಏನೆಂದು ಸಂಸ್ಥೆಯೇ ಹೇಳಬೇಕು ಎಂದರು. ಪರೀಕ್ಷೆಯ ಅಂಕಗಳೇ ಕಾರಣವೆಂದರೆ, ಆ ಅಂಕಗಳನ್ನು ತಯಾರಿಸುವ ಶಾಲೆಗಳನ್ನು ಜನಾಂಗದ ಪ್ರಕಾರ ಬೇರೆಬೇರೆಯಾಗಿಸಿ ಬಡವಾಗಿಸಿದ್ದು ಯಾರು ಎಂಬ ಮರುಪ್ರಶ್ನೆ ಅವರ ವಾದದಲ್ಲೇ ಅಡಗಿತ್ತು. 1970ರಿಂದ ನಗರದ ಪ್ರೌಢಶಾಲೆ ಮುಗಿಸಿದ ಯಾರಿಗೇ ಆಗಲಿ ನಗರ ವಿಶ್ವವಿದ್ಯಾಲಯದ ಯಾವುದಾದರೊಂದು ಕಾಲೇಜಿನಲ್ಲಿ ಸ್ಥಾನ ಸಿಗುವ ‘ಮುಕ್ತ ಪ್ರವೇಶ’ ಜಾರಿಗೆ ಬಂತು. ಅದರ ಲಾಭ ಪಡೆದವರಲ್ಲಿ ದುಡಿಯುವ ವರ್ಗದ ಬಿಳಿಯರ ಮಕ್ಕಳೂ ದೊಡ್ಡ ಸಂಖ್ಯೆಯಲ್ಲಿದ್ದರೆಂಬುದನ್ನು ಈ ಚಳವಳಿಯನ್ನು ಸ್ವಾರ್ಥವೆಂದು ಹಳಿಯುವವರು ಮರೆಯುತ್ತಾರೆ. ಹಣಕಾಸಿನ ಮುಗ್ಗಟ್ಟಿನಲ್ಲಿ ಸಿಲುಕಿದ ನಗರ 1976ರಲ್ಲಿ ಬೋಧನಾ ಶುಲ್ಕವನ್ನು ಹೇರಿತು.

ಎರಡು ವರ್ಷಗಳ ನಂತರ ಸುಪ್ರೀಂ ಕೋರ್ಟು ‘ಬಾಕಿ’ (Bakke) ಎಂಬ ಅರ್ಜಿದಾರರ ಹೆಸರಿನ ಮೊಕದ್ದಮೆಯಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ವೈದ್ಯಕೀಯ ಶಾಲೆಯು 100 ಸ್ಥಾನಗಳಲ್ಲಿ 16ನ್ನು ಹಿಂದುಳಿಸಲ್ಪಟ್ಟ ಸಮುದಾಯಗಳಿಗೆ ಕಾದಿರಿಸಿದ್ದನ್ನು ರದ್ದುಪಡಿಸಿತು. ನಿರ್ಣಾಯಕವಾದ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಪಾವೆಲ್, ಸಮಾಜದಲ್ಲಿ ಹಿಂದೆ ನಡೆದ ತಾರತಮ್ಯವನ್ನು ಸರಿಪಡಿಸುವ ಉದ್ದೇಶ ತೀರಾ ಅಸ್ಪಷ್ಟವೆಂದು ಬದಿಗಿಟ್ಟು, ವಿದ್ಯಾರ್ಥಿವೃಂದದ ‘ವೈವಿಧ್ಯ’ದಿಂದ ಶಿಕ್ಷಣ ಸಮೃದ್ಧವಾಗುತ್ತದೆಂಬ ಒಂದೇ ಕಾರಣಕ್ಕೆ ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ಪರಿಗಣಿಸಬಹುದೆಂದರು. ಅದಕ್ಕೆ ಅವರು ಮಾದರಿಯಾಗಿ ಎತ್ತಿ ಹಿಡಿದದ್ದು ಹಾರ್ವರ್ಡಿನ ಪ್ರವೇಶ ಪದ್ಧತಿಯನ್ನು. 2023ರಲ್ಲಿ ಬಿದ್ದದ್ದೂ ಹಾರ್ವರ್ಡಿನ ಪದ್ಧತಿಯೇ.

1978ರ ಆ ತೀರ್ಪಿನಿಂದ ನೀತಿ ಉಳಿಯಿತು, ಅದರ ನೈತಿಕ ಆಧಾರ ಬದಲಾಯಿತು. ನ್ಯಾಯದ ವಾದದಲ್ಲಿ ಕಪ್ಪು ವಿದ್ಯಾರ್ಥಿ ತನಗೆ ಸಲ್ಲಬೇಕಾದದ್ದನ್ನು ಕೇಳುವ ಹಕ್ಕುದಾರ. ವೈವಿಧ್ಯದ ವಾದದಲ್ಲಿ ಆತ, ಒಗ್ಗರಣೆಗೆ ಬಿದ್ದ ಕರಿಬೇವಿನಂತೆ, ಇತರರ ಊಟದ ರುಚಿ ಹೆಚ್ಚಿಸಲು ಬಂದವನು. 2003ರಲ್ಲಿ ಮಿಷಿಗನ್ ಕಾನೂನು ಶಾಲೆಯ ಪದ್ಧತಿಯನ್ನು ಎತ್ತಿ ಹಿಡಿಯುವಾಗ ಕೋರ್ಟಿನ ಮನಸ್ಸನ್ನು ಮುಟ್ಟಿದ ಮಾತುಗಳಲ್ಲಿ ದೊಡ್ಡ ಕಂಪನಿಗಳ ಮತ್ತು ನಿವೃತ್ತ ಸೇನಾಧಿಕಾರಿಗಳ ಅಹವಾಲುಗಳಿದ್ದವು ಎಂಬುದು ಆಕಸ್ಮಿಕವಲ್ಲ. ಅದೇ ಮೊಕದ್ದಮೆಯಲ್ಲಿ ವಿದ್ಯಾರ್ಥಿಗಳೂ ವಿದ್ಯಾರ್ಥಿ ಸಂಘಟನೆಗಳೂ ತಾವಾಗಿಯೇ ಪ್ರತಿವಾದಿಗಳಾಗಿ ಸೇರಿಕೊಂಡು, ಪ್ರವೇಶ ಪರೀಕ್ಷೆಯ ಪಕ್ಷಪಾತವನ್ನೂ ಶಾಲೆಗಳ ಪ್ರತ್ಯೇಕತೆಯನ್ನೂ ಸಾಕ್ಷ್ಯಸಹಿತ ಮುಂದಿಟ್ಟಿದ್ದರು. 1969ರ ಪ್ರಶ್ನೆ ನ್ಯಾಯಾಲಯದೊಳಕ್ಕೆ ಬಂದದ್ದು ಅವರಿಂದ. ವಿಶ್ವವಿದ್ಯಾಲಯದ ವಕೀಲರು ಆ ದಾರಿ ಹಿಡಿಯಲಿಲ್ಲ, ಹಿಡಿದಿದ್ದರೆ ತಮ್ಮ ಪರೀಕ್ಷೆಗಳ ಮೇಲೂ ತಮ್ಮ ಇತಿಹಾಸದ ಮೇಲೂ ತಾವೇ ಆರೋಪ ಹೊರಿಸಿಕೊಳ್ಳಬೇಕಾಗುತ್ತಿತ್ತು. ತೀರ್ಪು ನಿಂತದ್ದು ವೈವಿಧ್ಯದ ಮೇಲೆ, ಅದೂ ಇಪ್ಪತ್ತೈದು ವರ್ಷಗಳಲ್ಲಿ ಇದರ ಅಗತ್ಯ ತೀರಬೇಕೆಂಬ ನಿರೀಕ್ಷೆಯೊಂದಿಗೆ.

ವೈವಿಧ್ಯದ ಪ್ರಯೋಜನವನ್ನು ಅಳೆಯುವುದು ಹೇಗೆ, ಅದು ಸಾಕಾಯಿತೆಂದು ತಿಳಿಯುವುದು ಯಾವಾಗ ಎಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ 2023ರಲ್ಲಿ ಕೇಳಿದಾಗ ಹಾರ್ವರ್ಡಿನ ಬಳಿ ನೇರವಾದ ಉತ್ತರವಿರಲಿಲ್ಲ. ನ್ಯಾಯದ ವಾದಕ್ಕಾದರೂ ತನ್ನದೇ ಅಳತೆಗೋಲಿತ್ತು: ಶಾಲೆಗಳ, ಆಸ್ತಿಯ, ವಾಸಸ್ಥಳದ ಅಸಮಾನತೆ ಎಲ್ಲಿಯವರೆಗೆ ಉಳಿದಿರುತ್ತದೋ ಅಲ್ಲಿಯವರೆಗೆ ಎಂದು ಅದು ಹೇಳಬಹುದಿತ್ತು. ಭಾರತದ ಅನುಭವ ಇಲ್ಲಿ ಪ್ರಸ್ತುತವಾಗುತ್ತದೆ. ಹಿಂದುಳಿದ ವರ್ಗಗಳಿಗೆ ವಿಶೇಷ ಅವಕಾಶ ಕಲ್ಪಿಸಲು ಅನುಮತಿಸುವ 15(4)ನೇ ವಿಧಿ 1951ರಲ್ಲೇ ಸಂವಿಧಾನಕ್ಕೆ ಸೇರಿದ್ದರಿಂದ, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇಕಡಾ 68ರಷ್ಟು ಸ್ಥಾನ ಕಾದಿರಿಸಿದ ಮೈಸೂರು ರಾಜ್ಯದ ಆದೇಶವನ್ನು 1962ರ ಬಾಲಾಜಿ ತೀರ್ಪು ರದ್ದುಪಡಿಸಿದಾಗಲೂ ಚರ್ಚೆ ನಡೆದದ್ದು ಎಷ್ಟು, ಯಾರಿಗೆ, ಯಾವ ಆಧಾರದ ಮೇಲೆ ಎಂಬುದರ ಬಗ್ಗೆ. ಹಿಂದುಳಿದಿರುವಿಕೆ ಒಂದು ನ್ಯಾಯಸಮ್ಮತ ಕಾರಣವೇ ಎಂಬುದು ಅಲ್ಲಿ ವಿವಾದವಾಗಲಿಲ್ಲ. ಅಮೆರಿಕದ ವಿದ್ಯಾರ್ಥಿಗಳಿಗೆ ಅಂಥ ವಿಧಿಯ ಬೆಂಬಲವಿರಲಿಲ್ಲ, 1868ರ ಹದಿನಾಲ್ಕನೇ ತಿದ್ದುಪಡಿಯ ಸಮಾನ ರಕ್ಷಣೆಯ ಮಾತೊಂದೇ ಇತ್ತು, ಅದನ್ನು ನೀತಿಯ ಪರದವರೂ ವಿರೋಧಿಗಳೂ ತಮ್ಮ ತಮ್ಮ ಕಡೆಗೆ ಎಳೆದುಕೊಂಡರು.

ಎದುರುಪಕ್ಷದ ಆಕ್ಷೇಪ ಹಗುರವಾದದ್ದಲ್ಲ. ಇಂದಿನ ಅರ್ಜಿದಾರ ಹಿಂದಿನ ಅನ್ಯಾಯ ಮಾಡಿದವನಲ್ಲ. ಏಷ್ಯನ್ ಮೂಲದ ವಿದ್ಯಾರ್ಥಿಯಂತೂ ಗುಲಾಮಗಿರಿಯಿಂದ ಲಾಭ ಪಡೆದ ಕುಟುಂಬದವನೂ ಅಲ್ಲ. ಹಾರ್ವರ್ಡ್ ‘ವ್ಯಕ್ತಿತ್ವ’ಕ್ಕೆ ಕೊಡುತ್ತಿದ್ದ ಶ್ರೇಣಿಯಲ್ಲಿ ಏಷ್ಯನ್ ಮೂಲದವರ ಸರಾಸರಿ ಕೆಳಗಿದ್ದದ್ದು ವಿಚಾರಣೆಯಲ್ಲಿ ಹೊರಬಂತು, ವಿಚಾರಣಾ ನ್ಯಾಯಾಲಯ ಅದರಲ್ಲಿ ಉದ್ದೇಶಪೂರ್ವಕ ತಾರತಮ್ಯ ಕಾಣಲಿಲ್ಲವಾದರೂ ಅದರಿಂದ ಮೂಡಿದ ಕಹಿ ಸಕಾರಣವಾದದ್ದು. ಬೆಂಗಳೂರು, ಮೈಸೂರುಗಳಿಂದ ಹೋಗಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ಈ ಏಷ್ಯನ್ ಮೂಲದವರ ಸಾಲಿನಲ್ಲೇ ಬರುತ್ತಾರೆ, ಮತ್ತು ಆ ಕುಟುಂಬಗಳಿಗೆ ಬಾಗಿಲು ತೆರೆದ 1965ರ ವಲಸೆ ಕಾಯ್ದೆ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ಸೃಷ್ಟಿಸಿದ ವಾತಾವರಣದಲ್ಲೇ ಹುಟ್ಟಿತೆಂಬುದು ಆ ಮನೆಗಳ ಮಾತುಕತೆಯಲ್ಲಿ ಅಪರೂಪವಾಗಿ ಬರುತ್ತದೆ. ಆದರೂ 2018ರ ಹಾರ್ವರ್ಡ್ ವಿಚಾರಣೆಯಲ್ಲಿ ಏಷ್ಯನ್ ಮೂಲದ ವಿದ್ಯಾರ್ಥಿಗಳು ಕಪ್ಪು ವಿದ್ಯಾರ್ಥಿಗಳ ಜೊತೆ ನಿಂತು ನೀತಿಯ ಪರವಾಗಿ ಸಾಕ್ಷ್ಯ ನುಡಿದರು. ಪ್ರವೇಶವೆಂದರೆ ಕಳೆದ ಅಂಕಗಳಿಗೆ ಕೊಡುವ ಬಹುಮಾನವಲ್ಲ, ಮುಂದಿನ ಅವಕಾಶದ ಹಂಚಿಕೆ ಎಂದು ಒಪ್ಪಿದರೆ, ಆಕ್ಷೇಪದ ಬಲ ಅರ್ಧಕ್ಕಿಳಿಯುತ್ತದೆ. ಉಳಿದರ್ಧಕ್ಕೆ ಉತ್ತರವಿರುವುದು ಸ್ಥಾನಗಳು ನಿಜವಾಗಿ ಯಾರ ಪಾಲಾಗುತ್ತಿವೆ ಎಂಬ ಪರಿಶೀಲನೆಯಲ್ಲಿ.

ಆ ಪರಿಶೀಲನೆಯನ್ನೂ ವಿದ್ಯಾರ್ಥಿಗಳು ಆರಂಭಿಸಿದ್ದಾರೆ. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಆದ್ಯತೆಯನ್ನು ಕೈಬಿಡಬೇಕೆಂದು ಹಲವು ಆವರಣಗಳಲ್ಲಿ ಅವರು ಒತ್ತಾಯಿಸುತ್ತಿದ್ದು, ಕ್ಯಾಲಿಫೋರ್ನಿಯಾ 2024ರಲ್ಲಿ ಖಾಸಗಿ ಕಾಲೇಜುಗಳಲ್ಲೂ ಅದನ್ನು ನಿಷೇಧಿಸುವ ಕಾನೂನು ಮಾಡಿದೆ. ಹಾರ್ವರ್ಡ್ ಮೊಕದ್ದಮೆಯ ದಾಖಲೆಗಳ ಮೇಲೆ ನಡೆದ ಅಧ್ಯಯನದ ಪ್ರಕಾರ, ಅಲ್ಲಿ ಪ್ರವೇಶ ಪಡೆದ ಬಿಳಿಯರಲ್ಲಿ ಶೇಕಡಾ 43ಕ್ಕೂ ಹೆಚ್ಚು ಮಂದಿ ಕ್ರೀಡಾಪಟುಗಳಾಗಿ ಆಯ್ಕೆಯಾದವರು, ಹಳೆಯ ವಿದ್ಯಾರ್ಥಿಗಳ ಇಲ್ಲವೇ ಸಿಬ್ಬಂದಿಯ ಮಕ್ಕಳು, ಅಥವಾ ದಾನಿಗಳ ಬಂಧುಗಳನ್ನೊಳಗೊಂಡ ಡೀನ್ ಪಟ್ಟಿಯವರು. ಜನಾಂಗದ ಪರಿಗಣನೆಯನ್ನು ತೆಗೆದುಹಾಕಿದ 2023ರ ತೀರ್ಪು ಈ ಯಾವ ಆದ್ಯತೆಯನ್ನೂ ರದ್ದುಪಡಿಸಲಿಲ್ಲ.